ರೈಲು ಕೇಂದ್ರದ್ದು, ಅರ್ಧ ಹಣ ರಾಜ್ಯದ್ದು

ಬೆಂಗಳೂರು: ಹೊಸ ರೈಲು ಮಾರ್ಗಕ್ಕೆ ಮಂಜೂರಾತಿ ದೊರೆತಾಗಲೆಲ್ಲ ಅಭಿನಂದನೆಯ ಫಲಕಗಳು ತಲೆ ಎತ್ತುತ್ತವೆ. ಆದರೆ ಮೊದಲ ರೈಲು ಓಡುವ ಹೊತ್ತಿಗೆ ಒಂದು ತಲೆಮಾರೇ ಕಳೆದ ನಿದರ್ಶನಗಳು ರಾಜ್ಯದಲ್ಲಿವೆ. ಕೇವಲ 46 ಕಿ.ಮೀ. ಉದ್ದದ ಕಡೂರು-ಚಿಕ್ಕಮಗಳೂರು ಮಾರ್ಗಕ್ಕೆ 1996-97ರಲ್ಲಿ ಒಪ್ಪಿಗೆ ದೊರೆಯಿತು. ರೈಲು ಬಂದದ್ದು 2013ರ ನವೆಂಬರ್‌ನಲ್ಲಿ. ಇಂಥ ವಿಳಂಬಕ್ಕೆ ಬೆಲೆ ತೆರುವವರು ಯಾರು? ಇದನ್ನು ತಿಳಿಯಬೇಕಾದರೆ ರೈಲು ಯೋಜನೆಗಳಿಗೆ ಹಣ ಒದಗುವ ಬಗೆಯನ್ನು ಅರಿಯಬೇಕು.

ಪಾಲು ಏಕೆ?

ಸಂವಿಧಾನದ 7ನೇ ಅನುಸೂಚಿಯ ಪ್ರಕಾರ ರೈಲ್ವೆ ಕೇಂದ್ರ ಪಟ್ಟಿಯ ವಿಷಯ. ಮಾರ್ಗದ ಸಮೀಕ್ಷೆ, ಮಂಜೂರಾತಿ, ಪ್ರತಿವರ್ಷದ ಅನುದಾನ ಎಲ್ಲವೂ ಕೇಂದ್ರದ ತೀರ್ಮಾನ. ಹಾಗಿದ್ದರೂ ಕರ್ನಾಟಕವು ಹಲವು ಹೊಸ ಮಾರ್ಗಗಳ ವೆಚ್ಚದಲ್ಲಿ ಅರ್ಧದಷ್ಟನ್ನು ಭರಿಸಲು ಒಪ್ಪಿಕೊಂಡಿತು. ಕೆಲವಕ್ಕೆ ಭೂಮಿಯನ್ನೂ ಉಚಿತವಾಗಿ ನೀಡಲು ಮುಂದಾಯಿತು.

ಕಾರಣ ಸರಳ. ಹೂಡಿದ ಹಣಕ್ಕೆ ನಿಗದಿತ ಪ್ರತಿಫಲ ಬರುವುದೇ ಎಂದು ರೈಲ್ವೆ ಇಲಾಖೆ ಲೆಕ್ಕ ಹಾಕುತ್ತದೆ. ಹಿಂದುಳಿದ ಪ್ರದೇಶಗಳ ಮಾರ್ಗಗಳು ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಹಿಂದೆ ಬೀಳುತ್ತವೆ. ರಾಜ್ಯ ಅರ್ಧ ಹೊರೆ ಹೊತ್ತರೆ ಕಡತ ಮುಂದೆ ಸಾಗುತ್ತದೆ. 2013-14ರಲ್ಲಿ ಮಂಜೂರಾದ 257 ಕಿ.ಮೀ.ಗಳ ಗದಗ-ವಾಡಿ ಮಾರ್ಗ ಇದಕ್ಕೊಂದು ಉದಾಹರಣೆ. ಈ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ.

ಬೀದರ್-ಕಲಬುರಗಿ ಪಾಠ

ವಿಳಂಬದ ಬೆಲೆ ಎಷ್ಟೆಂಬುದನ್ನು ಬೀದರ್-ಕಲಬುರಗಿ ಮಾರ್ಗ ತೋರಿಸಿಕೊಟ್ಟಿದೆ. ಸುಮಾರು 110 ಕಿ.ಮೀ. ಉದ್ದದ ಈ ಮಾರ್ಗ 1997-98ರಲ್ಲಿ ಮಂಜೂರಾದಾಗ ಅಂದಾಜು ವೆಚ್ಚ ಸುಮಾರು 370 ಕೋಟಿ ರೂಪಾಯಿ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗುವ ವೇಳೆಗೆ ಅದು ಸುಮಾರು 1,542 ಕೋಟಿಗೆ ಏರಿತ್ತು. ಇದರ ಅರ್ಧವೆಂದರೆ 771 ಕೋಟಿ. ಮೂಲ ಅಂದಾಜಿನಲ್ಲಿ ಇಡೀ ಮಾರ್ಗಕ್ಕೆ ಬೇಕಾಗಿದ್ದ ಹಣದ ಎರಡು ಪಟ್ಟಿಗೂ ಹೆಚ್ಚಿನ ಮೊತ್ತ ಒಂದು ಪಾಲಿಗೇ ಬೇಕಾಯಿತು! ನೀರಾವರಿ, ಶಾಲೆ, ಆಸ್ಪತ್ರೆಗಳಿಗೆ ಹಂಚಿಕೆಯಾಗುವ ಬೊಕ್ಕಸದಿಂದಲೇ ಈ ಹಣವೂ ಹೊರಡಬೇಕೆಂಬುದನ್ನು ಮರೆಯುವಂತಿಲ್ಲ.

ವಿಳಂಬಕ್ಕೆ ಎರಡು ಕಡೆಯೂ ಕಾರಣಗಳಿವೆ. ಮಂಜೂರಾದ ಯೋಜನೆಗಳು ಹಲವು, ವಾರ್ಷಿಕ ಅನುದಾನ ಸೀಮಿತ. ಹೀಗಾಗಿ ಪ್ರತಿಯೊಂದಕ್ಕೂ ಅಲ್ಪಸ್ವಲ್ಪ ಹಣ ದೊರೆತು, ಯಾವುದೂ ಬೇಗ ಮುಗಿಯುವುದಿಲ್ಲ. ಇತ್ತ ಭೂಸ್ವಾಧೀನದ ಕೆಲಸ ರಾಜ್ಯದ ಕಂದಾಯ ಆಡಳಿತದ್ದು. 2014ರ ಜನವರಿಯಲ್ಲಿ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯಂತೆ ಗ್ರಾಮೀಣ ಪ್ರದೇಶದಲ್ಲಿ ಮಾರುಕಟ್ಟೆ ಮೌಲ್ಯದ ನಾಲ್ಕು ಪಟ್ಟಿನವರೆಗೂ ಪರಿಹಾರ ನೀಡಬೇಕಾಗಬಹುದು. ಭೂಮಿ ಕಳೆದುಕೊಳ್ಳುವ ರೈತನಿಗೆ ಇದು ನ್ಯಾಯ; ಸ್ವಾಧೀನವನ್ನು ಮುಂದೂಡುತ್ತ ಹೋದ ಸರಕಾರಕ್ಕೆ ದುಬಾರಿ ಬಾಬತ್ತು.

ಬೇರೆ ದಾರಿಗಳು

ಹಾಸನ-ಮಂಗಳೂರು ಮಾರ್ಗದ ಗೇಜ್ ಪರಿವರ್ತನೆಗೆ ರಾಜ್ಯ ಸರಕಾರ ಹಾಗೂ ರೈಲ್ವೆ ಇಲಾಖೆ ಪ್ರಮುಖ ಪಾಲುದಾರರಾಗಿ 2003ರಲ್ಲಿ ಪ್ರತ್ಯೇಕ ಕಂಪನಿಯೊಂದು ರಚನೆಯಾಯಿತು. 2006ರಲ್ಲಿ ಸರಕು ರೈಲು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಓಡಿದವು. ಅಲ್ಲಿ ಬಂದರಿಗೆ ಸಾಗುವ ಅದಿರಿನ ಆದಾಯದ ಭರವಸೆಯಿತ್ತು. ಸರಕಿನ ಆದಾಯವಿಲ್ಲದ ಮಾರ್ಗಗಳಿಗೆ ಈ ಮಾದರಿ ಸುಲಭವಾಗಿ ಹೊಂದುವುದಿಲ್ಲ.

2020ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿದ ಬೆಂಗಳೂರು ಉಪನಗರ ರೈಲು ಯೋಜನೆಯ ಸೂತ್ರ ಇನ್ನೊಂದು ಬಗೆಯದು. 15,767 ಕೋಟಿ ರೂಪಾಯಿಗಳಲ್ಲಿ ಕೇಂದ್ರ, ರಾಜ್ಯಗಳ ಪಾಲು ತಲಾ ಶೇ. 20; ಉಳಿದ ಶೇ. 60 ಸಾಲ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ನೆರವೇರಿದಾಗ ಹೇಳಲಾದ 40 ತಿಂಗಳ ಗಡುವು 2025ರಲ್ಲೇ ಮುಗಿದಿದೆ. ಹಣದ ಸೂತ್ರ ಬದಲಾದ ಮಾತ್ರಕ್ಕೆ ಕಾಮಗಾರಿ ಚುರುಕಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕೇಳಬೇಕಾದ ಪ್ರಶ್ನೆಗಳು

ಹೊಸ ಮಾರ್ಗದ ಘೋಷಣೆ ಹೊರಬಿದ್ದಾಗ ಜನಪ್ರತಿನಿಧಿಗಳನ್ನು ಮೂರು ಪ್ರಶ್ನೆ ಕೇಳಬಹುದು. ಬೇಕಾದ ಭೂಮಿಯಲ್ಲಿ ಎಷ್ಟು ಎಕರೆ ಹಸ್ತಾಂತರವಾಗಿದೆ? ಈ ವರ್ಷದ ಕೇಂದ್ರ, ರಾಜ್ಯ ಬಜೆಟ್‌ಗಳಲ್ಲಿ ಎಷ್ಟು ಹಣ ಮೀಸಲಾಗಿದೆ? ವೆಚ್ಚದ ಅಂದಾಜು ಯಾವ ವರ್ಷದ ದರದ್ದು? ಇವಕ್ಕೆ ಸ್ಪಷ್ಟ ಉತ್ತರವಿಲ್ಲದ ಮಂಜೂರಾತಿ ಕಡತದಲ್ಲೇ ಉಳಿಯುತ್ತದೆ. ವರ್ಷಗಳು ಉರುಳಿದಂತೆ ಅದರ ಬಿಲ್ಲು ಮಾತ್ರ ತೆರಿಗೆದಾರನ ಹೆಸರಿನಲ್ಲಿ ಬೆಳೆಯುತ್ತಲೇ ಇರುತ್ತದೆ.