ಒಂದೇ ಮನೆ, ನದಿಯ ಎರಡು ದಡ

ಆಫೀಸಿಂದ ಬಂದು ಊಟ ಮುಗಿಸಿ ಒಂದು ಗಂಟೆ ರೋಮನ್ ಇತಿಹಾಸ ಓದೋದು ಈಚೆಗೆ ನನಗೆ ಹಿಡಿದ ಗೀಳು. ಶುರುವಿನಲ್ಲೇ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದಿದ್ದೆ: ಎಡಕ್ಕೆ ರೋಮಿನ ವಿರುದ್ಧ ನಿಂತ ಸ್ಥಳೀಯರು, ಬಲಕ್ಕೆ ರೋಮಿನ ಜೊತೆ ಕೈಜೋಡಿಸಿದವರು. ಜರ್ಮನ್ ನೆಲದ ಚೆರುಸ್ಕಿ ಬುಡಕಟ್ಟಿಗೆ ಬಂದಾಗ ಲೆಕ್ಕ ತಪ್ಪಿತು.

ಅರ್ಮಿನಿಯಸ್ ಎಡಕ್ಕೇ, ಅನುಮಾನವೇ ಇಲ್ಲ ಅಂದುಕೊಂಡಿದ್ದೆ. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮಿನ 3 ಲೀಜನ್‌ಗಳನ್ನು ಮುಗಿಸಿದವನು. ಆದರೆ ಅದಕ್ಕೆ ಮೊದಲು ರೋಮನ್ ಸೈನ್ಯದಲ್ಲಿ ದುಡಿದು, ಅಲ್ಲಿನ ಪೌರತ್ವ ಪಡೆದವನೂ ಅವನೇ. ಗವರ್ನರ್ ವಾರಸ್ ಅವನನ್ನು ನಂಬಿಯೇ ಕೆಟ್ಟ. 'ಅವನನ್ನು ನಂಬಬೇಡಿ' ಅಂತ ಎಚ್ಚರಿಸಿದ ಸೆಗೆಸ್ಟೆಸ್ ಕೂಡ ಚೆರುಸ್ಕಿಯೇ.

ಕ್ರಿ.ಶ. 16ರ ಒಂದು ದೃಶ್ಯವನ್ನು ಟ್ಯಾಸಿಟಸ್ ಬರೆದಿದ್ದಾನೆ. ವೇಸರ್ ನದಿಯ ಒಂದು ದಡದಲ್ಲಿ ಅರ್ಮಿನಿಯಸ್, ಇನ್ನೊಂದರಲ್ಲಿ ಒಡಹುಟ್ಟಿದ ಫ್ಲಾವಸ್, ರೋಮನ್ ಸೈನಿಕನಾಗಿ. ರೋಮಿಗಾಗಿ ಹೋರಾಡಿ ಒಂದು ಕಣ್ಣು ಕಳಕೊಂಡವನು. ಅದಕ್ಕೆ ನಿನಗೇನು ಸಿಕ್ತು ಅಂತ ಅರ್ಮಿನಿಯಸ್ ಕೇಳ್ತಾನೆ. ಸಂಬಳ ಜಾಸ್ತಿ ಆಯ್ತು, ಕೊರಳಿಗೆ ಕಂಠಿ, ತಲೆಗೆ ಕಿರೀಟ ಅಂತ ಫ್ಲಾವಸ್ ಪಟ್ಟಿ ಕೊಡ್ತಾನೆ. ಗುಲಾಮಗಿರಿಗೆ ಇಷ್ಟು ಅಗ್ಗದ ಬೆಲೆಯೇ ಅಂತ ಅರ್ಮಿನಿಯಸ್ ನಗ್ತಾನೆ. (ಅಪ್ರೈಸಲ್ ಫಾರಂ ತುಂಬಿ ಬಂದಿದ್ದ ನನಗೆ ಇದು ಸ್ವಲ್ಪ ಚುಚ್ಚಿತು, ಸುಳ್ಳು ಹೇಳಲ್ಲ.) ತಾಯಿಯೂ ನನ್ನ ಕಡೆಯೇ ಅಂತಾನೆ. ನಡುವೆ ನೀರಿದ್ದರೂ ಫ್ಲಾವಸ್ ಕುದುರೆ, ಆಯುಧ ಕೇಳ್ತಾನೆ. ಪಕ್ಕದವರು ಓಡಿಬಂದು ಹಿಡಿದುಕೊಳ್ಳಬೇಕಾಯ್ತು. ಅತ್ತ ಅರ್ಮಿನಿಯಸ್ ಬೈಯೋದೂ ಅರ್ಧ ಲ್ಯಾಟಿನ್‌ನಲ್ಲೇ, ರೋಮನ್ ಸೈನ್ಯದಲ್ಲಿ ಕಲಿತದ್ದು.

ಟ್ಯಾಸಿಟಸ್ ಇದನ್ನು ಬರೆದದ್ದು ಸುಮಾರು ನೂರು ವರ್ಷದ ಮೇಲೆ. ಚೆರುಸ್ಕಿಗಳು ತಮ್ಮ ಕಡೆಯ ಕಥೆ ಬರೆದಿಟ್ಟಿಲ್ಲ. ಎರಡೂ ದಡದ ಮಾತು ನಮಗೆ ತಲುಪಿದ್ದು ರೋಮನ್ ಲೇಖನಿಯಿಂದಲೇ.

ನನ್ನನ್ನು ಹೆಚ್ಚು ಕಾಡಿದ್ದು ಅರ್ಮಿನಿಯಸ್‌ನ ಹೆಂಡತಿ ತುಸ್ನೆಲ್ಡಾ. ಅವಳ ತಂದೆ ಬೇರಾರೂ ಅಲ್ಲ, ಅದೇ ಸೆಗೆಸ್ಟೆಸ್. ಬಸುರಿಯಾಗಿದ್ದ ಅವಳು ಕ್ರಿ.ಶ. 15ರಲ್ಲಿ ತಂದೆಯ ಕಡೆಯಿಂದಲೇ ರೋಮನ್ನರ ಕೈಸೇರಿದಳು. 17ರಲ್ಲಿ ರೋಮಿನ ವಿಜಯ ಮೆರವಣಿಗೆಯಲ್ಲಿ ಪುಟ್ಟ ಮಗನೊಂದಿಗೆ ಸೆರೆಯಾಳಾಗಿ ನಡೆದಳು. ತಂದೆ ಗೌರವಾನ್ವಿತ ಅತಿಥಿಯಾಗಿ ನಿಂತು ನೋಡಿದ.

ಅರ್ಮಿನಿಯಸ್‌ನನ್ನು ಕೊನೆಗೆ ಕೊಂದದ್ದು ರೋಮ್ ಅಲ್ಲ, ಸ್ವಂತ ನೆಂಟರು, ರಾಜನಾಗಲು ಹೊರಟ ಅಂತ. ಕ್ರಿ.ಶ. 47ರಲ್ಲಿ ಅದೇ ಚೆರುಸ್ಕಿಗಳು ರೋಮಿಗೆ ಹೋಗಿ ತಮಗೊಬ್ಬ ರಾಜನನ್ನು ಕೊಡಿ ಅಂತ ಕೇಳಿದರು. ರಾಜವಂಶದಲ್ಲಿ ಉಳಿದಿದ್ದವನು ಒಬ್ಬನೇ: ಫ್ಲಾವಸ್‌ನ ಮಗ.