ಗುಡ್ಡದ ಸೆರಗಿನಲ್ಲಿ ಮೂರು ಸಣ್ಣ ಮನೆ

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಅಂಟಿಕೊಂಡಂತಿರುವ ಉಗರಗೋಳದಲ್ಲಿ ಸ್ವಂತ ಜಾಗ ಇದ್ದವರು ಅದನ್ನು ಹಾಳು ಬಿಡಬಾರದು, ಸಾಲ ಮಾಡಿ ಅದರ ತುಂಬ ಒಂದೇ ದೊಡ್ಡ ಮನೆಯನ್ನೂ ಎಬ್ಬಿಸಬಾರದು. ಸಣ್ಣ ಮನೆಗಳನ್ನು ಒಂದೊಂದಾಗಿ ಕಟ್ಟಿ ಬಾಡಿಗೆಗೆ ಕೊಡುವುದೇ ಲಾಭದ ದಾರಿ ಎಂಬುದು ನನ್ನ ವಾದ. 2023ರ ಜೂನ್‌ನಲ್ಲಿ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಗುಡ್ಡಕ್ಕೆ ಬರುವ ಹೆಣ್ಣುಮಕ್ಕಳು ಹೆಚ್ಚಿದರು. 2024ರಲ್ಲಿ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಇಂಥ ಸುದ್ದಿ ಬಂದಾಗಲೆಲ್ಲ ಜಾಗದ ರೇಟಿನ ಮಾತೇ ಮಾತು. ಆದರೆ ರೇಟು ಏರಿದರೆ ಲಾಭ ಮಾರುವವರಿಗೆ. ಊರಲ್ಲೇ ಬಾಳುವವರಿಗೆ ಬೇಕಾದದ್ದು ತಿಂಗಳಾ ಕೈಗೆ ಬರುವ ದುಡ್ಡು.

ಲೆಕ್ಕ ಹಿಡಿಯಲು ಕೆಲವು ಅಂದಾಜು ಸಂಖ್ಯೆ ಇಟ್ಟುಕೊಳ್ಳೋಣ. 30×50 ಅಡಿಯ ಜಾಗದಲ್ಲಿ 18 ಲಕ್ಷ ಹಾಕಿ 1,000 ಚದರಡಿಯ ಒಂದು ಮನೆ ಕಟ್ಟಿ, ತಿಂಗಳಿಗೆ 6,000 ಬಾಡಿಗೆ ಬಂದರೆ ವರ್ಷಕ್ಕೆ 72,000 ಆಯಿತು. ಹಾಕಿದ ದುಡ್ಡಿಗೆ ಶೇಕಡಾ 4. ಅದೇ 18 ಲಕ್ಷಕ್ಕೆ 300 ಚದರಡಿಯ ಮೂರು ಮನೆ ಏಳುತ್ತವೆ. ಮೂರು ಅಡಿಗೆಮನೆ, ಮೂರು ಬಚ್ಚಲು ಬೇಕಾಗುವುದರಿಂದ ಚದರಡಿಗೆ ಖರ್ಚು ತುಸು ಹೆಚ್ಚು. ಆದರೂ ಒಂದೊಂದಕ್ಕೆ 3,000 ಎಂದರೆ ವರ್ಷಕ್ಕೆ 1,08,000, ಅಂದರೆ ಶೇಕಡಾ 6. ಒಂದು ತಿಂಗಳು ಖಾಲಿ, ಅಷ್ಟೇ ಮೊತ್ತ ದುರಸ್ತಿ ಮತ್ತು ತೆರಿಗೆಗೆ ಎಂದು ಕಳೆದರೆ ಕೈಗುಳಿಯುವುದು 90,000, ಶೇಕಡಾ 5. ಶೇಕಡಾ 9ರ ಸಾಲ ತಂದು ಕಟ್ಟಿದವರಿಗೆ ಬಡ್ಡಿಯೇ 1,62,000 ಆದೀತು. ಬಾಡಿಗೆ ಆ ಬಡ್ಡಿಗೂ ಸಾಲದು. ಅದಕ್ಕೇ ಒಂದೊಂದಾಗಿ ಕಟ್ಟಬೇಕೆನ್ನುವುದು: ಮೂರಕ್ಕೂ ನಕ್ಷೆ ಹಾಕಿ, ಉಳಿತಾಯದಲ್ಲಿ ಮೊದಲು ಒಂದನ್ನು ಮುಗಿಸಿ, ಅದರ ಬಾಡಿಗೆಯನ್ನು ಮುಂದಿನದಕ್ಕೆ ಕೂಡಿಸುತ್ತ ಹೋಗುವುದು. ಖರ್ಚು ಉಳಿಸುವ ಆಸೆಗೆ ಬುನಾದಿಯನ್ನು ಮಾತ್ರ ಮೇಲೆ ಮೇಲೆ ಹಾಕಬಾರದು. ಎರಿ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಗೋಡೆಯೂ ಜೊತೆಗೆ ಸೀಳುತ್ತದೆ.

ಜಾತ್ರೆ ಮುಗಿದರೆ ಬಾಡಿಗೆಗೆ ಯಾರು ಬರುತ್ತಾರೆ ಎಂದು ಕೇಳುವವರಿದ್ದಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಗದ್ದಲ ವರ್ಷವಿಡೀ ಇರುವುದಿಲ್ಲ, ನಿಜ. ಆದ್ದರಿಂದಲೇ ಮೇಲಿನ ಲೆಕ್ಕದಲ್ಲಿ ಜಾತ್ರೆಯ ದುಡ್ಡನ್ನು ಸೇರಿಸಿಲ್ಲ. ಎರಡು ಮನೆಗಳನ್ನು ಶಿಕ್ಷಕರು, ನರ್ಸುಗಳು, ಗುಡ್ಡದಲ್ಲಿ ಅಂಗಡಿ ಇಟ್ಟವರಂಥ ವರ್ಷದ ಬಾಡಿಗೆದಾರರಿಗೆ ಕೊಟ್ಟು, ಒಂದನ್ನಷ್ಟೇ ಯಾತ್ರಿಕರಿಗೆ ಇಟ್ಟುಕೊಳ್ಳಬಹುದು. ಇಲ್ಲಿಗೆ ಬರುವ ಯಾತ್ರಿಕರಿಗೆ ಲಾಡ್ಜಿನ ಮಂಚ ಮುಖ್ಯವಲ್ಲ. ಮನೆಮಂದಿಯೆಲ್ಲ ಟ್ರ್ಯಾಕ್ಟರ್, ಟೆಂಪೋ ಕಟ್ಟಿಕೊಂಡು ಬರುತ್ತಾರೆ. ಹೋಳಿಗೆ, ಕಡುಬು ಮಾಡಿ ದೇವಿಗೆ ಎಡೆ ಹಿಡಿಯಬೇಕು, ಪಡಲಗಿ ತುಂಬಿಸಬೇಕು. ಅವರು ಹುಡುಕುವುದು ಅಂಗಳದಲ್ಲಿ ಒಲೆ ಹೂಡಲು ನೆರಳು, ಬೇಳೆ ಬೇಯಿಸಲು ನೀರು, ಹತ್ತು ಜನ ಒಟ್ಟಿಗೆ ಒರಗಲು ಪಡಸಾಲೆ, ಗಾಡಿ ನಿಲ್ಲಿಸಲು ಜಾಗ. ಮೂರು ಮನೆ ಕಟ್ಟಿಯೂ ಉಳಿಯುವ 600 ಚದರಡಿ ಬಯಲು ಇದಕ್ಕೆ ಒದಗುತ್ತದೆ. ಆ ಬಯಲನ್ನೂ ಕೋಣೆ ಮಾಡಿ ತುಂಬಿಸಿದವರು ಇಂಥ ಯಾತ್ರಿಕರನ್ನು ಕಳೆದುಕೊಳ್ಳುತ್ತಾರೆ.

ಇನ್ನೊಂದು ಭಯ, ಒಳಗೆ ಬಂದವರು ಬಿಟ್ಟು ಹೋಗಲಿಕ್ಕಿಲ್ಲ ಎಂಬುದು. ಪರಿಚಯದ ಮೇಲೆ ಬಾಯಿಮಾತಿನಲ್ಲೇ ಕೊಡುವಲ್ಲಿ ಈ ಭಯಕ್ಕೆ ಆಧಾರವಿದೆ. 11 ತಿಂಗಳ ಕರಾರು ಬರೆಸಿ, ಮುಗಿದಾಗಲೆಲ್ಲ ಹೊಸದು ಮಾಡಿಕೊಂಡರೆ ಬಾಡಿಗೆ ಎಷ್ಟು, ಬಿಡುವುದು ಯಾವಾಗ ಎಂಬುದಕ್ಕೆ ಇಬ್ಬರ ಕೈಯಲ್ಲೂ ಕಾಗದವಿರುತ್ತದೆ. ಅದಕ್ಕೂ ಮೊದಲು ಜಾಗದ ಕಾಗದ ಗಟ್ಟಿಯಾಗಬೇಕು. ಹೊಲದಲ್ಲಿ ಕಟ್ಟುವುದಾದರೆ ಬಿನ್‌ಶೇತ್ಕಿ ಆಗಿರಬೇಕು. ಊರೊಳಗಿನ ಜಾಗವಾದರೆ ಪಂಚಾಯಿತಿಯ ಇ-ಸ್ವತ್ತು ಉತಾರ ಮಾಲೀಕರ ಹೆಸರಿನಲ್ಲೇ ಇರಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಜಾಗವಾದರೆ ವಾರಸಾ ಮಾಡಿಸಿ, ಅಣ್ಣತಮ್ಮಂದಿರ ಪಾಲು ಬರೆದಾದ ಮೇಲೆಯೇ ಗವಂಡಿಯನ್ನು ಕರೆಯಬೇಕು.