ಬಾಳ್ಗಚ್ಚು

ಉಪಕಾರವನ್ನು ಮರೆಯದಿರುವುದು ಮನುಷ್ಯನ ದೊಡ್ಡ ಗುಣ. ಆದರೆ ಮನಸ್ಸಿನಲ್ಲಿ ನೆನೆದರಷ್ಟೇ ಸಾಲದು. ಆ ನೆನಪು ಕೈಗಿಳಿದು ಕೊಡುಗೆಯಾದಾಗ ಅದಕ್ಕೆ ಬೆಲೆ ಹೆಚ್ಚು. ನಾಡನ್ನು ಕಾದ ಯೋಧರ ವಿಷಯದಲ್ಲಿ ನಮ್ಮ ಹಿರಿಯರು ಈ ಮಾತನ್ನು ಚೆನ್ನಾಗಿ ಅರಿತಿದ್ದರು.

ಜಯನಗರ, ಬಿ.ಟಿ.ಎಂ. ಬಡಾವಣೆಗಳನ್ನು ದಾಟಿ ದಕ್ಷಿಣಕ್ಕೆ ಹೋದರೆ ಬೇಗೂರು ಸಿಗುತ್ತದೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲು ಇದೆ. 'ಬೆಂಗಳೂರು ಕಾಳಗ'ವನ್ನು ಹೆಸರಿಸುವ ಶಾಸನ ಅದು. ಅದೇ ಊರಿನ ಮತ್ತೊಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಕಾಲದಲ್ಲಿ ನಾಗತ್ತರನೆಂಬ ವೀರನು ಆನೆಗಳನ್ನು ಎದುರಿಸಿ ಕಾದಿ ಮಡಿದನು. ಅರಸನು ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಮೊದಲಾದ ಹಳ್ಳಿಗಳನ್ನು 'ಕಲ್ನಾಡು' ಕೊಟ್ಟನು. ಬೆಂಪೂರೇ ಇಂದಿನ ಬೇಗೂರು. ವೀರನ ಸ್ಮರಣೆಗಾಗಿ ಬಿಟ್ಟ ಭೂಮಿಗೆ ಕಲ್ನಾಡು ಎಂದು ಹೆಸರು.

ಇವು ಮಡಿದವರಿಗೆ ಸಂದ ಗೌರವ. ಬದುಕಿ ಬಂದವರಿಗೆ? ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ಉತ್ತರ ಹೇಳುತ್ತದೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗ ಬೂತುಗನ ನೆರವಿನಿಂದ ಚೋಳರನ್ನು ಗೆದ್ದನು. ಬೂತುಗನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಕೃಷ್ಣನು ಬೇಕಾದುದನ್ನು ಬೇಡೆಂದನು. ಮಣಲೇರನು ಹೊನ್ನನ್ನು ಬೇಡಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಬೂತುಗನು ಅವನಿಗೆ ಆತಕೂರು ಮೊದಲಾದ ಊರುಗಳನ್ನು 'ಬಾಳ್ಗಚ್ಚು' ಕೊಟ್ಟನು. ಬಾಳ್ ಎಂದರೆ ಕತ್ತಿ. ಯೋಧನ ಕತ್ತಿಯನ್ನು ತೊಳೆದು ಕೊಡುವ ಕೊಡುಗೆಯೇ ಬಾಳ್ಗಚ್ಚು. ಮುಂದೆ ಕಾಳಿ ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಕೊಡುವವನು ತನಗೆ ತೋಚಿದುದನ್ನು ಕೊಡಲಿಲ್ಲ. ಪಡೆಯುವವನ ಮನಸ್ಸನ್ನು ಕೇಳಿದನು.

ಇಂದು ಊರುಗಳನ್ನು ದಾನ ಕೊಡುವ ಅರಸರಿಲ್ಲ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಿ ಜನರಿಂದ ನಿಧಿ ಕೂಡಿಸುತ್ತಾರೆ. ಅಮೆರಿಕದಲ್ಲಿ ಗಾಯಗೊಂಡ ಮಾಜಿ ಸೈನಿಕರಿಗೆ ಮೋಟಾರ್ ಸೈಕಲ್ ಕೊಡುವ ಸಂಘಗಳೂ ಇವೆ. ಇದು ವಿಚಿತ್ರವೆನಿಸಬಹುದು. ಆದರೆ ಸೈನಿಕನಿಗೂ ಮೋಟಾರ್ ಸೈಕಲ್ಲಿಗೂ ಹಳೆಯ ನಂಟು. ಯುದ್ಧಭೂಮಿಯಲ್ಲಿ ಸಂದೇಶಗಳನ್ನು ಹೊತ್ತು ಓಡಿದ್ದು ಅದೇ. ಬೆಂಗಳೂರಿನ ಸೇನಾ ಸರಬರಾಜು ದಳದ 'ಟಾರ್ನೆಡೋಸ್' ತಂಡವು 2017ರಲ್ಲಿ ಯಲಹಂಕದಲ್ಲಿ ಒಂದೇ ಮೋಟಾರ್ ಸೈಕಲ್ಲಿನ ಮೇಲೆ 58 ಮಂದಿಯನ್ನು ಹೊತ್ತು ವಿಶ್ವದಾಖಲೆ ಮಾಡಿತು.

ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ವಾಹನಗಳು ನಮ್ಮ ನಾಡಿಗೆ ಚಿರಪರಿಚಿತ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅದರ ಗಾಡಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಬೆಂಗಳೂರಿನಲ್ಲಿ ಇಂದಿಗೂ ಇದ್ದಾರೆ. ಹಳೆಯ ಗಾಡಿಗೆ ಜೀವ ತುಂಬುವುದು ಸುಲಭವಲ್ಲ. ತುಕ್ಕು ತೆಗೆದು, ಎಂಜಿನ್ನನ್ನು ಬಿಚ್ಚಿ, ಸವೆದ ಪಿಸ್ಟನ್ನನ್ನು ಬದಲಿಸಿ, ತಂತಿಗಳನ್ನು ಹೊಸದಾಗಿ ಎಳೆದು, ಬಣ್ಣ ಬಳಿಯಬೇಕು. ಕಾಲು ಕಳೆದುಕೊಂಡವನಿಗೆ ಗೇರನ್ನು ಕೈಗೆ ಎಟಕುವಂತೆ ಅಳವಡಿಸಬೇಕು. ಬೇಕಾದರೆ ಪಕ್ಕದಲ್ಲಿ ಮತ್ತೊಂದು ಚಕ್ರವನ್ನು ಜೋಡಿಸಬೇಕು. ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ಕಾಣದ ಶ್ರಮ ಇಂಥ ಕೊಡುಗೆಯಲ್ಲಿ ಸೇರಿರುತ್ತದೆ.

ನಮ್ಮ ಜವಾನರಲ್ಲಿ ಅನೇಕರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಅವರ ಮುಂದೆ ಅರ್ಧ ಆಯುಷ್ಯ ಉಳಿದಿರುತ್ತದೆ. ಅವರಿಗೆ ಬೇಕಾದುದು ಹಾರ ತುರಾಯಿಗಳಿಗಿಂತ ಮಿಗಿಲಾದುದು. ಒಬ್ಬರಿಗೆ ಉದ್ಯೋಗ ಬೇಕು, ಇನ್ನೊಬ್ಬರಿಗೆ ಮಕ್ಕಳ ವಿದ್ಯೆಯ ಚಿಂತೆ, ಮತ್ತೊಬ್ಬರಿಗೆ ತಾವೇ ಓಡಿಸಿಕೊಂಡು ಹೋಗಬಲ್ಲ ಒಂದು ಗಾಡಿ. ಯಾರಿಗೆ ಏನು ಬೇಕೆಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು. ಮಡಿದವರಿಗೆ ಕಲ್ಲು ನಿಲ್ಲಿಸುವುದು ಧರ್ಮ, ಬದುಕಿ ಬಂದವರ ಬಾಗಿಲಿಗೆ ಹೋಗಿ "ನಿಮಗೇನು ಬೇಕು?" ಎಂದು ವಿಚಾರಿಸುವುದು ಅದಕ್ಕಿಂತ ಕಿರಿದಾದ ಧರ್ಮವೇನೂ ಅಲ್ಲ.